ಕೈಮರ ದಾಟಿದ ಹಳೆಯ ಸೈಕಲ್

ಕಳೆದ ಜನವರಿಯ ಒಂದು ಬುಧವಾರ ಬೆಳಿಗ್ಗೆ 9ರ ಸುಮಾರಿಗೆ ನಮ್ಮೂರು ಚಿಕ್ಕಮಗಳೂರಿನ ಹತ್ತಿರದ ಸೀತಾಳಯ್ಯನಗಿರಿ ಬೆಟ್ಟದಲ್ಲಿ ಸೈಕಲ್ಲಿನಿಂದ ಇಳಿದೆ. ತಳ್ಳಿಕೊಂಡು ಹೋಗಿದ್ದಲ್ಲ, ತುಳಿದುಕೊಂಡೇ ಹೋಗಿದ್ದು. ದಾರಿಯಲ್ಲಿ ಎರಡು ಸಲ ಕಾಲು ಊರಿದ್ದು ನಿಜ: ಒಮ್ಮೆ ಜೀಪಿಗೆ ಜಾಗ ಬಿಡಲು, ಇನ್ನೊಮ್ಮೆ ಬಾಳೆಹಣ್ಣು ತಿನ್ನಲು. ನನಗೆ ವಯಸ್ಸು 46, ಆ ದಿನದ ತೂಕ 81 ಕಿಲೋ, ಸೈಕಲ್ಲಿನ ಬೆಲೆ 4,500 ರೂಪಾಯಿ. ಹಿಂದಿನ ದಿನ ನನ್ನ ಭಾವಮೈದ, "ಭಾವ, ಈ ಗುಜರಿಯಲ್ಲಿ ಚಂದ್ರದ್ರೋಣ ಬೆಟ್ಟ ಹತ್ತುತ್ತೀರಾ? ಆಂಬುಲೆನ್ಸ್ ನಂಬರ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ" ಎಂದಿದ್ದ. ಮೇಲೆ ನಿಂತು ಅವನಿಗೆ ಒಂದು ಫೋಟೋ ಕಳಿಸಿದೆ. ಉತ್ತರ ಸಂಜೆಯ ತನಕ ಬರಲಿಲ್ಲ.

ನಲವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹತ್ತಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಂಕ್ಚರ್ ಹಾಕುವುದು, ಕಳಚಿದ ಚೈನು ಏರಿಸುವುದು, ಬ್ರೇಕ್ ತಂತಿ ಬಿಗಿ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದವರಿಗೆ ನಾನೇನು ಕಲಿಸಬೇಕಾಗಿಲ್ಲ. ಇನ್ನೊಂದು ಮಾತು. ನಾನು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆ ಒಂದರಲ್ಲಿ ಲೆಕ್ಕ ಬರೆಯುವವನು. ಆದರೂ ಸೈಕಲ್ಲಿನ ಖರ್ಚನ್ನು ಎಲ್ಲೂ ಬರೆದಿಟ್ಟಿಲ್ಲ, ಹೆಂಡತಿಯ ಕಣ್ಣಿಗೆ ಬಿದ್ದೀತು ಎಂದು. ಹಾಗಾಗಿ ಕೆಳಗಿನ ಅಂಕಿಗಳೆಲ್ಲ ನೆನಪಿನಿಂದ ತೆಗೆದವು.

ಮೊದಲು ಮಾಡಿದ ತಪ್ಪು ದುಡ್ಡಿನದು. ನಾಲ್ಕಿಂಚು ಅಗಲದ ಟಯರಿನ, ನೋಡಲು ಎಮ್ಮೆಯಂತಿದ್ದ ಹೊಸ ಸೈಕಲ್ಲನ್ನು 16,500 ಕೊಟ್ಟು ತಂದೆ. ಅಂಗಡಿಯವರು "ಬೆಟ್ಟಕ್ಕೆ ಇದೇ ಸರಿ ಸಾರ್" ಎಂದರು. ಬೆಟ್ಟಕ್ಕೆ ಸರಿಯೋ ಏನೋ, ತುಳಿಯುವವನಿಗಂತೂ ಅಲ್ಲ. 18 ಕಿಲೋ ಮೇಲಿತ್ತು. ಟಾರು ರಸ್ತೆಯಲ್ಲಿ ಆ ಟಯರು ಎಳೆಯುವುದನ್ನು ನೋಡಿದರೆ ಯಾರೋ ಹಿಂದಿನಿಂದ ಹಿಡಿದುಕೊಂಡಿದ್ದಾರೆ ಎಂದೇ ಅನ್ನಿಸುತ್ತಿತ್ತು. ಡಿಸ್ಕ್ ಬ್ರೇಕು ಬಿಟ್ಟಾಗಲೂ ಉಜ್ಜುತ್ತಿತ್ತು. ನಾಲ್ಕು ತಿಂಗಳಿಗೆ 7,000ಕ್ಕೆ ಮಾರಿದೆ. ಅಲ್ಲಿಗೇ ಒಂಬತ್ತೂವರೆ ಸಾವಿರ ಕೈಬಿಟ್ಟಿತು.

ಮಾರುವ ಮೊದಲು ಅದೇ ಸೈಕಲ್ಲು ಒಂದು ಪಾಠವನ್ನೂ ಕಲಿಸಿತು. ಒಂದು ಭಾನುವಾರ ಹುಮ್ಮಸ್ಸಿನಲ್ಲಿ ಕಡೂರು ರಸ್ತೆ ಹಿಡಿದೆ. ಗಾಳಿಯಲ್ಲಿ ತೇಲಿದ ಹಾಗೆ ಸಖರಾಯಪಟ್ಟಣ ಬಂದೇ ಬಿಟ್ಟಿತು. ನನ್ನ ಕಾಲಿಗೆ ಇಷ್ಟು ಬಲವಿತ್ತೇ ಎಂದು ನನಗೇ ಬೆರಗು. ಇಡ್ಲಿ ತಿಂದು ಹಿಂದಿರುಗಿದಾಗ ತಿಳಿಯಿತು, ಬಲ ನನ್ನದಲ್ಲ, ಇಳಿಜಾರಿನದು. ನಮ್ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ, ಕಡೂರಿನ ಕಡೆ ಹೋದಷ್ಟೂ ತಗ್ಗು. ಅಂದರೆ ಅಲ್ಲಿಂದ ಮನೆಯ ತನಕ ಏರು. ತಲೆಯ ಮೇಲೆ ಬಿಸಿಲು, ಎದುರು ಗಾಳಿ, ತೊಡೆಯಲ್ಲಿ ಸೆಳೆತ. ಆರು ಕಿಲೋಮೀಟರ್ ಬರುವಷ್ಟರಲ್ಲಿ ರಸ್ತೆ ಬದಿಯ ಹುಣಸೆ ಮರದಡಿ ಕುಳಿತುಬಿಟ್ಟೆ. ಕೊನೆಗೆ ಒಂದು ಗೂಡ್ಸ್ ಆಟೋದಲ್ಲಿ ಈರುಳ್ಳಿ ಮೂಟೆಗಳ ನಡುವೆ ಸೈಕಲ್ಲೂ ನಾನೂ ಊರು ಸೇರಿದೆವು. 500 ರೂಪಾಯಿ. ಚಾಲಕನಿಗೆ ನನ್ನ ಪರಿಚಯವಿತ್ತು, ಅದು ದುಡ್ಡಿಗಿಂತ ದುಬಾರಿಯಾಯಿತು.

ಅಂದಿನಿಂದ ನನ್ನ ಮೊದಲ ನಿಯಮ: ಹೋಗುವಾಗ ಏರು, ಬರುವಾಗ ಇಳಿಜಾರು. ಸುಸ್ತಾದರೆ ಸೈಕಲ್ ತಿರುಗಿಸಿದರಾಯಿತು, ಅದೇ ಮನೆಗೆ ತಂದು ಬಿಡುತ್ತದೆ. ಚಿಕ್ಕಮಗಳೂರಿನಲ್ಲಿ ಇದಕ್ಕೆ ಬೆಟ್ಟದ ದಿಕ್ಕೇ ಸರಿ. ಮೊದಲೆರಡು ತಿಂಗಳು ಹಿರೇಕೊಳಲೆ ಕೆರೆಯ ತನಕ, ಆಮೇಲೆ ಬೆಟ್ಟದ ದಾರಿಯಲ್ಲಿರುವ ಕೈಮರದ ಚೆಕ್‌ಪೋಸ್ಟ್ ತನಕ. ಹೊಸಬರಿಗೆ ಸಪಾಟು ರಸ್ತೆಯೇ ಒಳ್ಳೆಯದು ಎನ್ನುವವರು ಹಾಸನದ ಬೈಪಾಸಿನಲ್ಲಿ ತುಳಿಯಲಿ, ನಮ್ಮೂರಿನಲ್ಲಿ ಸಪಾಟು ಎಲ್ಲಿದೆ?

ಎರಡನೆಯದು ಮಗ್ಗಿ. ಎದೆಬಡಿತ ಅಳೆಯುವ ಗಡಿಯಾರ ನನ್ನ ಬಳಿ ಇಲ್ಲ. ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿಕೊಂಡು ತುಳಿಯುತ್ತೇನೆ. ಹದಿಮೂರೇಳಲೆ ತೊಂಬತ್ತೊಂದು ಎನ್ನುವುದರೊಳಗೆ ಉಸಿರು ಕತ್ತರಿಸಿದರೆ ಜೋರಾಯಿತು ಎಂದರ್ಥ, ಗೇರ್ ಇಳಿಸಬೇಕು. ಹತ್ತರ ತನಕ ನಿರಾಯಾಸವಾಗಿ ಹೋದರೆ ಇನ್ನೂ ಸ್ವಲ್ಪ ತುಳಿಯಬಹುದು. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ನನ್ನನ್ನು ಕಂಡಾಗಲೆಲ್ಲ "ಮೇಷ್ಟರು ಬಂದರು" ಎಂದು ನಗುತ್ತಾರೆ. ನಗಲಿ.

ಮುಖ್ಯವಾದದ್ದು ಗೇರು, ನನ್ನನ್ನು ಎಲ್ಲರೂ ಹುಚ್ಚ ಎಂದದ್ದೂ ಅದಕ್ಕೇ. ಎಮ್ಮೆಯನ್ನು ಮಾರಿದ ಮೇಲೆ, ಓದು ಮುಗಿಸಿ ಊರಿಗೆ ಹೊರಟಿದ್ದ ಹಾಸ್ಟೆಲ್ ಹುಡುಗನೊಬ್ಬನಿಂದ ಹಳೆಯ 26 ಇಂಚಿನ ಉಕ್ಕಿನ ಸೈಕಲ್ ಕೊಂಡೆ. ಶಾಕ್ ಇಲ್ಲ, ಡಿಸ್ಕ್ ಇಲ್ಲ, ಬಣ್ಣವೂ ಇಲ್ಲ. ಮುಂದೆ ಪೆಡಲಿನ ಬಳಿ 42 ಹಲ್ಲಿನ ಒಂದೇ ಚಕ್ರ, ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಾದ ಫ್ರೀವೀಲಿನಲ್ಲಿ ದೊಡ್ಡದೆಂದರೆ 28. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಗಾಲಿ ಒಂದೂವರೆ ಸುತ್ತು. ಕೈಮರದ ಏರಿನಲ್ಲಿ ಅದನ್ನು ತುಳಿದ ವಾರವೇ ಬಲಮಂಡಿ ಊದಿಕೊಂಡಿತು. ಹದಿನೈದು ದಿನ ಎಣ್ಣೆ ಹಚ್ಚಿಕೊಂಡು ಕುಳಿತಾಗ ಕಾಗದದ ಮೇಲೆ ಲೆಕ್ಕ ಹಾಕಿದೆ: ಕಾಲನ್ನು ಗೇರಿಗೆ ಒಗ್ಗಿಸಲು ಹೊರಟರೆ ವರ್ಷ ಬೇಕು, ಗೇರನ್ನು ಕಾಲಿಗೆ ಒಗ್ಗಿಸಿದರೆ ಒಂದು ಮಧ್ಯಾಹ್ನ ಸಾಕು.

ಮುಂದೆ ಮೂರು ಹಲ್ಲುಚಕ್ರದ ಕ್ರ್ಯಾಂಕ್, ಅದರಲ್ಲಿ ಚಿಕ್ಕದು 28 ಹಲ್ಲಿನದು. ಹಿಂದೆ 14ರಿಂದ 34 ಹಲ್ಲಿನ ಏಳು ಗೇರಿನ ಫ್ರೀವೀಲ್. ಚೈನನ್ನು ಗೇರಿನಿಂದ ಗೇರಿಗೆ ದಾಟಿಸಲು ಅದಕ್ಕೆ ತಕ್ಕ ಉದ್ದ ಕಾಲಿನ ಡಿರೇಲರ್, ಹೊಸ ಚೈನು, ನಡುವಿನ ಆಕ್ಸಲ್. ಒಟ್ಟು 3,200 ಚಿಲ್ಲರೆ ಆಯಿತು ಎಂದು ನೆನಪು. ಕ್ರ್ಯಾಂಕ್ ಎಲ್ಲಿ ಸಿಕ್ಕಿತು ಎಂದು ಮಾತ್ರ ಕೇಳಬೇಡಿ. ಅಲ್ಲಿ ಇನ್ನು ಎರಡೇ ಉಳಿದಿವೆ, ಒಂದು ನನಗೇ ಬೇಕಾಗಬಹುದು. ಜೋಡಿಸಿ ಕೊಡು ಎಂದಾಗ ಅಂಗಡಿಯ ಹುಡುಗ, "ಸಾರ್, ಇದರಲ್ಲಿ ಹೋಗುವುದಕ್ಕಿಂತ ನಡೆದರೆ ಬೇಗ ತಲುಪುತ್ತೀರಿ" ಎಂದ. ಅವನ ಮಾತು ಹೆಚ್ಚುಕಡಿಮೆ ಸರಿ. ಅತಿ ಚಿಕ್ಕ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಗಾಲಿ ಒಂದು ಸುತ್ತೂ ತಿರುಗುವುದಿಲ್ಲ, ಒಂದು ಮೀಟರ್ 70 ಸೆಂಟಿಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರು ಕಿಲೋಮೀಟರ್. ಆದರೆ ನಡೆದು ಹೋದವನು ನಡೆದೇ ಇಳಿಯಬೇಕಲ್ಲ!

ಆ ವೇಗದಲ್ಲಿ ಸೈಕಲ್ ನೆಟ್ಟಗೆ ನಿಲ್ಲುವುದೇ ಕಷ್ಟ. ಮೊದಲ ವಾರ ಮುಂದಿನ ಗಾಲಿ ಹಾವಿನಂತೆ ಹರಿದಾಡಿತು, ಒಮ್ಮೆ ಚರಂಡಿಯ ಲಂಟಾನ ಪೊದೆಗೂ ಹೋಗಿ ಬಂದೆ. ಮನೆಯ ಹಿಂದಿನ ಓಣಿಯಲ್ಲಿ, ಎಷ್ಟು ನಿಧಾನವಾಗಿ ಬೀಳದೆ ಹೋಗಬಹುದು ಎಂದು ಮಗಳೊಂದಿಗೆ ಪಂದ್ಯ ಕಟ್ಟಿ ಅಭ್ಯಾಸ ಮಾಡಿದೆ. ಅವಳೇ ಗೆಲ್ಲುತ್ತಿದ್ದಳು. ನೋಟ ಗಾಲಿಯ ಮೇಲಲ್ಲ, ಹತ್ತು ಮಾರು ಮುಂದೆ ಇರಬೇಕು ಎಂದು ಕಂಡುಹಿಡಿದವಳೂ ಅವಳೇ. ಕಡಿದಾದ ತಿರುವುಗಳಲ್ಲಿ ಒಳಮೈ ಹಿಡಿದರೆ ಗೋಡೆ ಹತ್ತಿದಂತೆ, ಹೊರಮೈ ಹಿಡಿದರೆ ಉಸಿರಾಡಲು ಎರಡು ಗಳಿಗೆ ಸಿಗುತ್ತದೆ. ಎದುರಿನಿಂದ ವಾಹನ ಇಲ್ಲದಿದ್ದರೆ ಮಾತ್ರ. ಅದಕ್ಕೇ ನಾನು ಶನಿವಾರ, ಭಾನುವಾರ ಆ ಕಡೆ ತಲೆ ಹಾಕುವುದಿಲ್ಲ. ಪ್ರವಾಸಿಗರ ಕಾರುಗಳ ಸಾಲಿನಲ್ಲಿ ಮಗ್ಗಿಯೂ ನೆನಪಾಗುವುದಿಲ್ಲ.

ಸೀಟಿನ ವಿಷಯ ಚುಟುಕಾಗಿ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ನೆಲಕ್ಕೆ ಕಾಲು ಸಿಗುವುದಿಲ್ಲ ಎಂದು ತಗ್ಗಿಸಿಕೊಳ್ಳುವವರ ಮಂಡಿಯನ್ನು ದೇವರೇ ಕಾಯಬೇಕು.

ಮಧ್ಯೆ ಚೈನಿನ ಎಣ್ಣೆಯ ಹುಚ್ಚು ಹಿಡಿಯಿತು, ಅದನ್ನೂ ಹೇಳಿಬಿಡುತ್ತೇನೆ. ಹೊಲಿಗೆ ಯಂತ್ರದ ಎಣ್ಣೆ ಆಷಾಢದ ಒಂದೇ ಮಳೆಗೆ ತೊಳೆದುಹೋಯಿತು. ಹಳೆಯ ಎಂಜಿನ್ ಆಯಿಲ್ ನಿಂತಿತು, ಜೊತೆಗೆ ರಸ್ತೆಯ ಮಣ್ಣೆಲ್ಲ ಬಂದು ಅಂಟಿ ಚೈನು ಮರಳುಕಾಗದವಾಯಿತು. ಅಡುಗೆಮನೆಯ ಕೊಬ್ಬರಿ ಎಣ್ಣೆ ಮೇ ತಿಂಗಳಿನಲ್ಲಿ ಅಮೃತದಂತೆ ಕೆಲಸ ಮಾಡಿತು. ಡಿಸೆಂಬರಿನ ಒಂದು ಬೆಳಿಗ್ಗೆ ನೋಡಿದರೆ ಚೈನಿನ ತುಂಬ ಬೆಳ್ಳಗೆ ತುಪ್ಪದಂತೆ ಗಟ್ಟಿಯಾಗಿ ಕುಳಿತಿತ್ತು! ಕೊನೆಗೆ ಮೇಣದಬತ್ತಿ ಕರಗಿಸಿ ಚೈನನ್ನು ಅದರಲ್ಲಿ ಅದ್ದಿದೆ. ಒಣ ದಿನಗಳಲ್ಲಿ ಅದಕ್ಕೆ ಸಾಟಿಯಿಲ್ಲ, ಮುಟ್ಟಿದರೂ ಕೈ ಕಪ್ಪಾಗುವುದಿಲ್ಲ. ಬರೀ ಮೇಣ ಬೇಗ ಉದುರುತ್ತದೆ, ಅದಕ್ಕೆ ಇನ್ನೊಂದನ್ನು ಬೆರೆಸುತ್ತೇನೆ. ಅದೇನೆಂದು ಭಾವಮೈದನಿಗೇ ಹೇಳಿಲ್ಲ. ಮೇಣ ಕರಗಿಸಿದ ಪಾತ್ರೆ ಮಾತ್ರ ಹಾಲು ಕಾಯಿಸುವುದಾಗಿತ್ತು, ಹೊಸದಕ್ಕೆ 280 ಕೊಡಬೇಕಾಯಿತು.

ಇಳಿಯುವಾಗ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಮೊದಲ ಸಲ ಕೈಮರದಿಂದ ಮೇಲೆ ಅರ್ಧ ದಾರಿ ಹೋಗಿ ತಿರುಗಿದವನು, ಹೆದರಿ ಬ್ರೇಕ್ ಬಿಡದೆ ಹಿಡಿದುಕೊಂಡೇ ಇಳಿದೆ. ಕೆಳಗೆ ಬಂದು ರಿಮ್ಮು ಮುಟ್ಟಿದರೆ ಬೆರಳು ಸುಟ್ಟಿತು. ರಬ್ಬರ್ ಸವೆದು ಕಬ್ಬಿಣ ಕೊರೆಯುವ ಸದ್ದು. 80 ರೂಪಾಯಿಯ ರಬ್ಬರ್ ಬದಲಿಸಲು ಎರಡು ತಿಂಗಳಿನಿಂದ ಸೋಮಾರಿತನ ಮಾಡಿದ್ದೆ. ಈಗ ತಿರುವಿನ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡುತ್ತೇನೆ. ಮಳೆಗಾಲದಲ್ಲಿ ಕೈಮರದ ಮೇಲೆ ಹೋಗುವುದೇ ಇಲ್ಲ. ಹೋದ ಒಂದು ಸಲ ಮಂಜಿನಲ್ಲಿ ಹ್ಯಾಂಡಲ್ಲೂ ಕಾಣದೆ ವಾಪಸು ಬಂದೆ, ಸಾಕ್ಸ್ ಬಿಚ್ಚಿದರೆ ಮೂರು ಇಂಬಳ.

ಹೊಟ್ಟೆಯದೂ ಒಂದು ಕಥೆ. ಬರೀ ಕಾಫಿ ಕುಡಿದು ಹೊರಟ ದಿನ ಕಣ್ಣು ಕತ್ತಲೆ ಬಂತು. ಈಗ ಹೊರಡುವ ಮೊದಲು ಒಂದು ಅಕ್ಕಿ ರೊಟ್ಟಿ, ಜೇಬಿನಲ್ಲಿ ಎರಡು ಏಲಕ್ಕಿ ಬಾಳೆ, ಒಂದು ಉಂಡೆ ಬೆಲ್ಲ. ಮುಕ್ಕಾಲು ಗಂಟೆಗೊಮ್ಮೆ, ಹಸಿವಾಗುವ ಮೊದಲೇ ತಿನ್ನಬೇಕು.

ಆ ಬುಧವಾರ ಮನೆಯಿಂದ ಹೊರಟಾಗ ಐದೂಮುಕ್ಕಾಲು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿಗೆ ಮೂರು ಗಂಟೆ ಚಿಲ್ಲರೆ ಹಿಡಿಯಿತು. ಹದಿಮೂರರ ಮಗ್ಗಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಎದುರಿಗೆ ಮುಳ್ಳಯ್ಯನಗಿರಿ, 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ್ದು. ಅದರ ಬುಡದ ತನಕ ಹೋಗುವುದು ಈ ವರ್ಷದ ಕೆಲಸ.

ಹೆಲ್ಮೆಟ್ಟು, ದೀಪ ಸೇರಿಸಿ, ಎಮ್ಮೆಯ ನಷ್ಟವನ್ನೂ ಹಿಡಿದರೆ ಒಟ್ಟು 19,000 ಆಸುಪಾಸು. ಎಮ್ಮೆ ಕೊಳ್ಳದಿದ್ದರೆ ಅದರ ಅರ್ಧ. ಭಾವಮೈದ ಕಳೆದ ತಿಂಗಳು 52,000 ಕೊಟ್ಟು ಸೈಕಲ್ ತಂದಿದ್ದಾನೆ. ಚೆಂದವಿದೆ, ಹಗುರವೂ ಇದೆ. ಮೊನ್ನೆ ಹಿರೇಕೊಳಲೆಗೆ ಕರೆದುಕೊಂಡು ಹೋದೆ. ಸೀಟು ನಾಲ್ಕು ಬೆರಳು ತಗ್ಗಿದೆ, ಎಷ್ಟು ಹೇಳಿದರೂ ಕೇಳುವುದಿಲ್ಲ.