ಮಾಲ್ಡೀವ್ಸ್ ಡೈವ್ ರೆಸಾರ್ಟಿನಲ್ಲಿ ಟಿಪ್ಸ್: ಯಾರಿಗೆ, ಯಾವಾಗ

ಸ್ಕೂಬಾ ಡೈವಿಂಗಿಗೆಂದು ಮಾಲ್ಡೀವ್ಸ್‌ಗೆ ಹೊರಟಿರುವ ಸದಸ್ಯರ ಗಮನಕ್ಕೆ. ಅಲ್ಲಿನ ರೆಸಾರ್ಟ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಸೇವಾ ಶುಲ್ಕ ಸೇರಿರುವುದರಿಂದ ಟಿಪ್ಸ್ ಕಡ್ಡಾಯವೇನಲ್ಲ. ಆದರೆ ಡೈವ್ ಸೆಂಟರನ್ನು ಬೇರೆ ಸಂಸ್ಥೆ ನಡೆಸುತ್ತಿದ್ದರೆ ಆ ಶುಲ್ಕದ ಪಾಲು ಅದರ ಸಿಬ್ಬಂದಿಗೂ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನೀರಿನೊಳಗೆ ಜೊತೆಗಿದ್ದ ಇನ್‌ಸ್ಟ್ರಕ್ಟರ್ ಎಲ್ಲರ ಕಣ್ಣಿಗೂ ಬೀಳುತ್ತಾರೆ. ತುಂಬಿದ ಸಿಲಿಂಡರುಗಳನ್ನು ಹೊತ್ತು ದೋಣಿಗೆ ಏರಿಸುವವರು, ಅಲೆಗಳ ಹೊಯ್ದಾಟದ ನಡುವೆ ಏಣಿಯ ಬಳಿ ಬಾಗಿ ನಿಮ್ಮ ಫಿನ್ಸ್ (ಈಜಲು ಪಾದಕ್ಕೆ ತೊಡುವ ರೆಕ್ಕೆಗಳು) ಈಸಿಕೊಳ್ಳುವವರು ಮರೆತೇ ಹೋಗುತ್ತಾರೆ. ನನ್ನ ಮಟ್ಟಿಗೆ ಅವರಿಗೆ ಸಲ್ಲಬೇಕಾದದ್ದೇ ಹೆಚ್ಚು. ಸಿಬ್ಬಂದಿಯೆಲ್ಲರೂ ಹಂಚಿಕೊಳ್ಳುವ ಟಿಪ್ಸ್ ಡಬ್ಬಿಯಿದ್ದರೆ ಅದರಲ್ಲಿ ಹಾಕಿ, ಇಲ್ಲವಾದರೆ ದೋಣಿಯವರಿಗೆಂದೇ ಪ್ರತ್ಯೇಕ ಲಕೋಟೆ ಕೊಡಿ.

ಹಲವು ಡೈವ್‌ಗಳ ನಂತರ ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಬಿಡಬೇಕೆಂಬ ಸಲಹೆಯಿರುವುದರಿಂದ ನಿಮ್ಮ ಕೊನೆಯ ಡೈವ್ ಹೊರಡುವ ಹಿಂದಿನ ದಿನವೇ ಮುಗಿದಿರುತ್ತದೆ; ಟಿಪ್ಸನ್ನೂ ಅಂದೇ ಕೊಟ್ಟುಬಿಡಿ, ಏಕೆಂದರೆ ಮರುದಿನ ಬೆಳಿಗ್ಗೆ ಅವರು ಬೇರೊಂದು ತಂಡದೊಂದಿಗೆ ಕಡಲಿನಲ್ಲಿರಬಹುದು. ಅಮೆರಿಕನ್ ಡಾಲರಿನ ಸಣ್ಣ ನೋಟುಗಳನ್ನು, ಹರಿದಿಲ್ಲದವನ್ನೇ ನೋಡಿ, ಊರಿನಲ್ಲೇ ಮಾಡಿಸಿಕೊಂಡು ಹೋಗಿ. ನಾಣ್ಯಗಳನ್ನು ಕೊಡಬೇಡಿ, ಅಲ್ಲಿ ಅವನ್ನು ಬದಲಾಯಿಸಿಕೊಳ್ಳುವುದು ಅವರಿಗೆ ಕಷ್ಟ.