ಮಳೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದ ಮೇಲೆ

ಮಗ ಹೋದ ಮೇಲೆ ಎಲ್ಲರೂ ನನಗೊಂದು ದೊಡ್ಡ ಕೆಲಸ ಹುಡುಕಿಕೊಡಲು ನೋಡಿದರು. ಅವನ ಹೆಸರಲ್ಲಿ ಟ್ರಸ್ಟ್ ಮಾಡಿ, ಟೂರ್ನಮೆಂಟ್ ಇಡಿ, ದೇವಸ್ಥಾನಕ್ಕೆ ಏನಾದರೂ ಮಾಡಿಸಿ ಅಂತ. ಹೇಳಿದವರೆಲ್ಲ ನಮ್ಮವರೇ, ಪ್ರೀತಿಯಿಂದಲೇ ಹೇಳಿದರು. ಆದರೆ ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೇ ಕೈಲಾಗದವಳು ಟ್ರಸ್ಟ್ ಎಲ್ಲಿಂದ ಮಾಡಲಿ? ನನ್ನನ್ನು ಎಬ್ಬಿಸಿದ್ದು ತೀರಾ ಸಣ್ಣ ಕೆಲಸ. ಮಕ್ಕಳನ್ನು ಕಳೆದುಕೊಂಡವರು ಯಾರಾದರೂ ಓದುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ತೋಟ. ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮಗ ಓದು ಮುಗಿಸಿ ಊರಿಗೇ ಬಂದಿದ್ದ, ತೋಟ ಅವನೇ ನೋಡಿಕೊಳ್ಳುತ್ತಿದ್ದ. ಡಿಸೆಂಬರ್‌ನಲ್ಲಿ, ಕಾಫಿ ಕುಯ್ಲು ಜೋರಾಗಿದ್ದಾಗ, ಕುಶಾಲನಗರದಿಂದ ಬೈಕಿನಲ್ಲಿ ಬರುವಾಗ ಅಪಘಾತವಾಯಿತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಆ ವರ್ಷದ ಕುಯ್ಲು ಹೇಗೆ ಮುಗಿಯಿತೋ ನನಗೆ ಗೊತ್ತಿಲ್ಲ. ಯಜಮಾನರು, ಕೆಲಸದವರು ಸೇರಿ ಮುಗಿಸಿದರು. ನಾನು ಕಿಟಕಿ ಹತ್ತಿರ ಕೂತಿರುತ್ತಿದ್ದೆ. ಮೇಲಿನ ಮನೆಯ ಅಕ್ಕ ದಿನಾ ಬಂದು ಅಡುಗೆಮನೆಗೆ ಹೋಗಿ, ಅಕ್ಕಿ ರೊಟ್ಟಿ ತಟ್ಟಿ, ತಟ್ಟೆ ನನ್ನ ಮುಂದಿಟ್ಟು ಪಕ್ಕದಲ್ಲೇ ಕೂರುತ್ತಿದ್ದರು. "ತಿನ್ನು" ಅಂತ ಒಂದೇ ಮಾತು. ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ, ವಿಧಿ ಬರಹ, ಇನ್ನೊಬ್ಬಳು ಮಗಳಿದ್ದಾಳಲ್ಲ, ಇಂಥದ್ದನ್ನೆಲ್ಲ ಅವರು ಒಂದು ಸಲವೂ ಹೇಳಲಿಲ್ಲ. ಆ ಋಣ ದೊಡ್ಡದು.

ಈಗ ಮಳೆ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಕೊಡಗಿನಲ್ಲಿ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆ ಅಳೆಯುವ ರೂಢಿ ಹಳೆಯದು. ಅಂಗಳದಲ್ಲಿ, ಮರದ ನೀರು ತೊಟ್ಟಿಕ್ಕದ ಜಾಗದಲ್ಲಿ, ಮಳೆ ಮಾಪಕ ಇಟ್ಟಿರುತ್ತಾರೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಬರೆಯಬೇಕು. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ನಮ್ಮ ಕಡೆ ಈಗಲೂ ಇಂಚು, ಸೆಂಟ್‌ನಲ್ಲೇ ಮಾತಾಡುತ್ತೇವೆ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ನಮ್ಮ ಮನೆಯಲ್ಲಿ ಇದು ಮಗನ ಕೆಲಸ. ಹೈಸ್ಕೂಲಿನಿಂದಲೇ ಬರೆಯುತ್ತಿದ್ದ. ಒಂದು ದಿನವೂ ಬಿಟ್ಟವನಲ್ಲ.

ಮಾರ್ಚ್‌ನಲ್ಲಿ ಒಂದು ರಾತ್ರಿ ಮೊದಲ ಮಳೆ ಬಂತು. ಬೆಳಿಗ್ಗೆ ಫೋನ್ ಹೊಡೆದುಕೊಂಡಿತು. ಕೆಳಗಿನ ತೋಟದ ಮಾವ. "ಏನಮ್ಮಾ, ನಿಮ್ಮಲ್ಲಿ ಎಷ್ಟು ಬಿತ್ತು?" ಅಂದರು. ಮೊದಲೆಲ್ಲ ಮಗನಿಗೆ ಮಾಡುತ್ತಿದ್ದ ಫೋನ್ ಅದು. ಅವರಿಗೆ ಆ ಅಂಕಿ ನಿಜವಾಗಿ ಬೇಕಿತ್ತು. ಮಳೆ ಒಂದು ಇಂಚಿನ ಹತ್ತಿರ ಬಿದ್ದಿದ್ದರೆ ಹೂ ಚೆನ್ನಾಗಿ ಅರಳುತ್ತದೆ, ತೀರಾ ಕಡಿಮೆಯಾದರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತದೆ. ಅವರದು ರೋಬಸ್ಟಾ ಜಾತಿಯ ಕಾಫಿ, ಮೊಗ್ಗು ಮಳೆಗೆ ಕಾಯುತ್ತಿತ್ತು. ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅಂತ ಅವತ್ತೇ ತೀರ್ಮಾನ ಆಗಬೇಕು.

"ತಡೀರಿ ಮಾವ, ನೋಡಿ ಹೇಳ್ತೀನಿ" ಅಂದೆ. ಅಂಗಳಕ್ಕೆ ಇಳಿದೆ. ಮಾಪಕದ ಬಾಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡಿತ್ತು. ತೆಗೆದೆ. ಒಳಗಿನ ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಸುರಿದೆ. ಗ್ಲಾಸಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲೆ ಹತ್ತಿ ನಿಂತಿರುತ್ತದೆ, ನಡುವಿನ ತಗ್ಗಿಗೆ ಕಣ್ಣು ನೇರ ಮಾಡಿ ಓದಬೇಕು. ಮಗ ಯಾವಾಗಲೋ ಮಗಳಿಗೆ ಹೇಳಿಕೊಡುತ್ತಿದ್ದಾಗ ನನ್ನ ಕಿವಿಗೂ ಬಿದ್ದಿತ್ತು. ಕೈ ನಡುಗುತ್ತಿತ್ತು, ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಯೂ ಕೇಳ್ತೀನಿ ಕಣಮ್ಮ" ಅಂದರು.

ಅಷ್ಟೂ ತಿಂಗಳು ನನಗೆ ಬಂದ ಫೋನ್‌ಗಳೆಲ್ಲ "ಹೇಗಿದ್ದೀರಿ" ಅನ್ನುವವೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಎಷ್ಟು ಬಿತ್ತು" ಅನ್ನುವುದಕ್ಕೆ ಇತ್ತು. ಮರುದಿನ ನಾನು ಎದ್ದಿದ್ದು ಆ ಫೋನಿಗಾಗಿ.

ಆಮೇಲೆ ಪುಸ್ತಕ ಹುಡುಕಿದೆ. ಅವನ ಬರಹ ನೋಡಿ ಅವತ್ತು ಬೇರೇನೂ ಮಾಡಲಾಗಲಿಲ್ಲ. 2018ರ ಆಗಸ್ಟ್ ಪುಟಗಳಲ್ಲಿ, ನಮ್ಮ ಜಿಲ್ಲೆಯಲ್ಲಿ ಗುಡ್ಡಗಳೇ ಜರಿದ ಆ ದಿನಗಳಲ್ಲಿ, ಅಂಕಿಯ ಪಕ್ಕ ಸಣ್ಣದಾಗಿ ಬರೆದಿದ್ದ: "ಕರೆಂಟ್ ಇಲ್ಲ. ಅಮ್ಮ ಹೆದರಿದ್ದಾಳೆ." ಅದನ್ನು ಎಷ್ಟು ಸಲ ಓದಿದೆನೋ. ಕೊನೆಗೆ ಅವನು ಬರೆದ ಕೊನೆಯ ಸಾಲಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ನಾನು ಶುರು ಮಾಡಿದೆ. ಹೊಸ ಪುಸ್ತಕ ತಂದುಕೊಡುತ್ತೇನೆ ಅಂತ ಮಗಳು ಹೇಳಿದಳು, ಬೇಡ ಅಂದೆ.

ಒಂದು ಕೆಲಸ ಇನ್ನೊಂದಕ್ಕೆ ದಾರಿ ಮಾಡಿತು. ಅಂಗಳಕ್ಕೆ ಇಳಿದವಳು ತೋಟಕ್ಕೂ ಹೋದೆ. ಕಾಂಡಕೊರಕ ಹೊಕ್ಕ ಗಿಡ ಹುಡುಕುವ ಕೆಲಸಕ್ಕೆ ಹೆಂಗಸರ ಜೊತೆ ಸೇರಿಕೊಂಡೆ. ಕಾಂಡದ ಮೇಲೆ ಕೈಯಾಡಿಸಿದರೆ ಹುಳು ಕೊರೆದ ಕಡೆ ತೊಗಟೆ ಏರಿ ನಿಂತಿರುವುದು ಬೆರಳಿಗೆ ಗೊತ್ತಾಗುತ್ತದೆ. ಒಂದೊಂದೇ ಗಿಡ ನೋಡುತ್ತಾ ಹೋಗಬೇಕು. ಪಕ್ಕದ ಸಾಲಿನಲ್ಲಿದ್ದ ಹೆಂಗಸು ತನ್ನ ಮಗುವನ್ನು ಹೆರಿಗೆಯಲ್ಲೇ ಕಳೆದುಕೊಂಡದ್ದನ್ನು ನನಗೆ ಹೇಳಿದ್ದು ಅಲ್ಲೇ. ಎಷ್ಟೋ ವರ್ಷದಿಂದ ನಮ್ಮಲ್ಲೇ ಕೆಲಸ ಮಾಡುತ್ತಿದ್ದಾಳೆ, ಅವತ್ತಿನವರೆಗೂ ಅವಳು ಹೇಳಿರಲಿಲ್ಲ. ಎದುರುಬದುರು ಕೂತು ಹೇಳಲಾಗದ್ದನ್ನು ಕೆಲಸ ಮಾಡುತ್ತಾ ಹೇಳಬಹುದು.

ಇದರಿಂದ ದುಃಖ ಕಡಿಮೆಯಾಯಿತು ಅಂತ ಹೇಳಲಾರೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗಳು 14416ಕ್ಕೆ ಫೋನ್ ಹಚ್ಚಿಕೊಟ್ಟಳು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿದ್ದ ಹುಡುಗಿ ತಾಳ್ಮೆಯಿಂದ ಕೇಳಿದಳು. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಈ ನಂಬರಿಗೆ ಮಾಡಿ, ಮನೆಯವರಿಗೂ ಹೇಳಿ. ಬೆಳಗಾಗಲಿ ಅಂತ ಕಾಯಬೇಡಿ.

ಮಗಳು ಇನ್ನೊಂದು ವಿಷಯ ಓದಿ ಹೇಳಿದ್ದಳು. ಮಾರ್ಗರೆಟ್ ಸ್ಟ್ರೋಬ್, ಹೆಂಕ್ ಶುಟ್ ಅನ್ನುವ ಇಬ್ಬರು ಸಂಶೋಧಕರು 1999ರಲ್ಲಿ ಬರೆದದ್ದಂತೆ. ದುಃಖದಲ್ಲಿರುವವರು ಒಂದಷ್ಟು ಹೊತ್ತು ನೋವಿನ ಕಡೆ, ಒಂದಷ್ಟು ಹೊತ್ತು ದಿನದ ಬದುಕಿನ ಕಡೆ ಹೋಗಿಬಂದು ಮಾಡುತ್ತಾರೆ, ಎರಡೂ ಬೇಕು ಅಂತ. ಇದು ತಿಳಿದ ಮೇಲೆ ನಮ್ಮ ಯಜಮಾನರ ಮೇಲಿದ್ದ ಸಿಟ್ಟು ಇಳಿಯಿತು. ಅವರು ಅಳದೆ ಕಣದಲ್ಲಿ ಕಾಫಿ ಒಣಗಿಸುತ್ತಾ ಇದ್ದದ್ದು ನನಗೆ ಕಲ್ಲು ಮನಸ್ಸು ಅನ್ನಿಸಿತ್ತು. ಅವರು ನನಗಿಂತ ಮೊದಲೇ ಕೆಲಸ ಹಿಡಿದುಕೊಂಡಿದ್ದರು, ಅಷ್ಟೇ. ಮಳೆ ಪುಸ್ತಕ ನನ್ನ ಕೈಗೆ ಬಂದ ಮೇಲೆ ಅವರು ಅಳಲು ಶುರು ಮಾಡಿದರು. ನಾನು ಪಕ್ಕದಲ್ಲಿ ಕೂತೆ.

ಹಬ್ಬಗಳು ಕಷ್ಟ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಂತೂ ಜಾಸ್ತಿ ಕಷ್ಟ, ಅದು ಬರುವುದೇ ಅವನು ಹೋದ ದಿನಗಳ ಆಸುಪಾಸಿನಲ್ಲಿ. ಎರಡನೇ ವರ್ಷ ಅವನ ಗೆಳೆಯರಿಗೆ ನಾನೇ ಫೋನ್ ಮಾಡಿ ಕರೆದೆ. ನಮ್ಮನ್ನು ನೋಡಿದರೆ ಅಮ್ಮ ಅಳುತ್ತಾರೆ ಅಂತ ಅವರು ಬರುವುದನ್ನೇ ಬಿಟ್ಟಿದ್ದರು. ಬಂದರು, ತಂಬಿಟ್ಟು ತಿಂದರು. ನನಗೆ ಗೊತ್ತಿಲ್ಲದ ಅವನ ಎಷ್ಟೋ ತುಂಟತನ ಹೇಳಿದರು. ಅತ್ತೆವು, ನಕ್ಕೆವು. ಅವನ ಹೆಸರು ಮನೆಯಲ್ಲಿ ಜೋರಾಗಿ ಕೇಳಿಸಿತು. ನಿಮ್ಮ ಮಗುವಿನ ಹೆಸರು ಹೇಳಲು ಜನ ಅಂಜುತ್ತಾರೆ. ನೀವೇ ಮೊದಲು ಹೇಳಿಬಿಡಿ, ಆಮೇಲೆ ಅವರೂ ಹೇಳುತ್ತಾರೆ.

ಈಗ ನಮ್ಮ ಸುತ್ತಮುತ್ತ ಇಂಥ ಸಾವಾದರೆ ನಾನು ಹೋಗುತ್ತೇನೆ. ಮೊದಲ ವಾರ ತುಂಬಾ ಜನ ಇರುತ್ತಾರೆ, ನಾನು ಹೋಗುವುದು ಜನ ಖಾಲಿಯಾದ ಮೇಲೆ. ಮೇಲಿನ ಮನೆಯ ಅಕ್ಕ ನನಗೆ ಮಾಡಿದ್ದನ್ನೇ ಮಾಡುತ್ತೇನೆ: ಊಟ ಇಟ್ಟು ಪಕ್ಕದಲ್ಲಿ ಕೂರುತ್ತೇನೆ. ಸ್ವಲ್ಪ ದಿನ ಕಳೆದ ಮೇಲೆ, ಮಗು ಮನೆಯಲ್ಲಿ ಯಾವ ಕೆಲಸ ಮಾಡುತ್ತಿತ್ತು ಅಂತ ಕೇಳುತ್ತೇನೆ. ಕೆಲವರಿಗೆ ಆ ಕೆಲಸ ಮುಟ್ಟುವುದೇ ಆಗುವುದಿಲ್ಲ, ಒತ್ತಾಯ ಮಾಡಬಾರದು. ಅವರಿಗೆ ಬೇರೆ ಏನೋ ಸಿಗುತ್ತದೆ. ಮಡಿಕೇರಿ ಕಡೆಯ ಒಬ್ಬ ತಂದೆ ತುಂಬಾ ದಿನ ಏನೂ ಹೇಳಲಿಲ್ಲ. ಒಂದು ದಿನ ಒಳಗೆ ಹೋಗಿ ಮಗಳ ಹಾಕಿ ಸ್ಟಿಕ್ ತಂದು ತೋರಿಸಿದರು. ಹಿಡಿಯ ಟೇಪ್ ಬಿಚ್ಚಿಕೊಂಡಿತ್ತು. ಈಗ ಅವರು ಭಾನುವಾರ ಶಾಲೆಯ ಮೈದಾನಕ್ಕೆ ಹೋಗಿ ಚಿಕ್ಕ ಮಕ್ಕಳ ಸ್ಟಿಕ್‌ಗಳಿಗೆ ಟೇಪ್ ಸುತ್ತಿಕೊಡುತ್ತಾರೆ. ಆಟ ಅವರಿಗೆ ಬರುವುದಿಲ್ಲ. "ಮಾಮ, ನಂದು ಫಸ್ಟ್" ಅಂತ ಮಕ್ಕಳು ಸಾಲು ನಿಲ್ಲುತ್ತವೆ ಅಂತ ಹೋದ ವಾರ ಫೋನಿನಲ್ಲಿ ಹೇಳಿದರು. ಹಾಗೇ, ನಿಮ್ಮ ಕಡೆ ಮಳೆ ಎಷ್ಟು ಅಂತಲೂ ಕೇಳಿದರು.