ರೋಬೋಟ್ ಒಂದೇ, ನಡಿಗೆ ಬೇರೆ ಬೇರೆ

ಮೊದಲ ಸಭೆಯಲ್ಲೇ ಜಗಳ ಶುರುವಾಯಿತು. ಎರಡು ರೋಬೋಟ್ ಫುಟ್‌ಬಾಲ್ ಲೀಗ್‌ಗಳನ್ನು ಒಂದೇ ಮೈದಾನಕ್ಕೆ ತರಬೇಕಿತ್ತು, ಹೊಂದಿಸುವ ಕೆಲಸ ನನ್ನದು. ಒಂದು ಕಡೆ ರೋಬೋಟನ್ನು ತಾವೇ ಕಟ್ಟುವವರು. ಇನ್ನೊಂದು ಕಡೆ, ಕೊಂಡ ರೋಬೋಟಿಗೆ ಕೋಡ್ ಮಾತ್ರ ಬರೆಯುವವರು.

"ಎಲ್ಲರ ಹತ್ತಿರ ಒಂದೇ ರೋಬೋಟ್ ಇದ್ದರೆ ನಾವು ಕಾಲು ಕಟ್ಟೋದು ಕಲಿತಿದ್ದು ಯಾಕೆ ಸ್ವಾಮಿ?" ಎಂದರು ಕಟ್ಟುವವರು. "ನಮ್ಮಲ್ಲಿ ವರ್ಕ್‌ಶಾಪೇ ಇಲ್ಲ, ನಾವು ಆಡೋದೇ ಬೇಡ್ವಾ?" ಎಂದರು ಇವರು. ಇಬ್ಬರ ಮಾತೂ ಸರಿಯೇ ಇತ್ತು. ಅದೇ ನನ್ನ ತಲೆನೋವು.

ರೋಬೋಕಪ್ ಎಂಬ ಅಂತರರಾಷ್ಟ್ರೀಯ ರೋಬೋಟ್ ಸ್ಪರ್ಧೆಯಲ್ಲಿ ಈ ಎರಡು ದಾರಿಗಳೂ ಬಹಳ ವರ್ಷಗಳಿಂದ ನಡೆದು ಬಂದಿವೆ. ಮನುಷ್ಯನ ಆಕಾರದ ರೋಬೋಟನ್ನು ತಂಡಗಳೇ ಕಟ್ಟುವ ಲೀಗ್ 2002ರಲ್ಲಿ ಶುರುವಾಯಿತು. ಎಲ್ಲರಿಗೂ ಒಂದೇ ರೋಬೋಟ್ ಇರುವ ಲೀಗ್‌ನಲ್ಲಿ ಮೊದಲು ಆಡಿದ್ದು ಸೋನಿ ಕಂಪನಿಯ ನಾಲ್ಕು ಕಾಲಿನ ರೋಬೋಟ್ ನಾಯಿಮರಿ ಐಬೋ. 2006ರಲ್ಲಿ ಸೋನಿ ಐಬೋ ತಯಾರಿಕೆ ನಿಲ್ಲಿಸಿತು. 2008ರಲ್ಲಿ ಅದರ ಜಾಗಕ್ಕೆ ನಾವೋ (NAO) ಎಂಬ ರೋಬೋಟ್ ಬಂತು, ಸುಮಾರು 58 ಸೆಂ.ಮೀ. ಎತ್ತರ, ಎರಡು ಕಾಲು. ಐಬೋ ಕತೆ ನನಗೆ ಪಾಠವಾಯಿತು. ಆದ್ದರಿಂದ ನಿಯಮದ ಮೊದಲ ಪುಟದಲ್ಲಿ ರೋಬೋಟಿನ ಹೆಸರು ಬರೆಯಲಿಲ್ಲ. ಎತ್ತರ, ತೂಕ, ಪಾದದ ಅಳತೆ, ಯಾವ ಸೆನ್ಸರ್ ಇರಬಹುದು ಅನ್ನೋದನ್ನ ಬರೆದೆವು. ಸದ್ಯಕ್ಕೆ ಆ ಅಳತೆಗೆ ಸರಿಹೋಗುವ ಒಂದು ಮಾದರಿಯನ್ನು ಎಲ್ಲರೂ ಕೊಂಡರು. ಕಟ್ಟುವವರು ಬೇಕಾದರೆ ಅದೇ ಅಳತೆಯಲ್ಲಿ ತಮ್ಮದನ್ನೇ ತರಬಹುದು.

ಒಂದೇ ರೋಬೋಟ್ ಅಂದರೆ ಎಲ್ಲವೂ ಸಮ ಅಂದುಕೊಂಡಿದ್ದೆ. ಎಂಥ ಭ್ರಮೆ! ಒಂದೇ ಕಾರ್ಖಾನೆಯಿಂದ ಬಂದ ಎರಡು ರೋಬೋಟ್ ಅಂದರೆ ಅವಳಿ ಮಕ್ಕಳ ಹಾಗೆ: ಮುಖ ಒಂದೇ, ನಡಿಗೆ ಬೇರೆ. ಒಂದು ನೇರ ಹೋಗು ಅಂದರೆ ಎಡಕ್ಕೆ ವಾಲುತ್ತದೆ. ಕೀಲಿನ ಸೊನ್ನೆ, ಅಂದರೆ ಕೀಲಿನ ಕೋನ ಎಣಿಸಲು ಶುರುಮಾಡುವ ಜಾಗ, ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಸಾಕು, ಹೆಜ್ಜೆಯೇ ಕೆಡುತ್ತದೆ. ಕ್ಯಾಮೆರಾ ಚೂರು ಓರೆಯಾಗಿದ್ದರೆ ದೂರದ ಚೆಂಡು ಇರುವ ಜಾಗ ಬಿಟ್ಟು ಇನ್ನೆಲ್ಲೋ ಇದೆ ಎಂದು ಲೆಕ್ಕ ಬರುತ್ತದೆ. ಆಡುತ್ತಾ ಹೋದಂತೆ ಮಂಡಿಯ ಮೋಟಾರ್ ಬಿಸಿಯಾಗುತ್ತದೆ, ಬಲ ಕುಗ್ಗುತ್ತದೆ. ಮೊದಲರ್ಧದಲ್ಲಿ ಓಡಾಡಿದ ಹುಡುಗ ಎರಡನೇ ಅರ್ಧದಲ್ಲಿ ಅಜ್ಜನಾಗುತ್ತಾನೆ.

ಹೀಗಾಗಿ ಪಂದ್ಯದ ಹಿಂದಿನ ದಿನ ಇಡೀ ದಿನವನ್ನು ಕ್ಯಾಲಿಬ್ರೇಷನ್‌ಗೇ, ಅಂದರೆ ಕೀಲು, ಕ್ಯಾಮೆರಾಗಳ ಇಂಥ ವ್ಯತ್ಯಾಸ ಸರಿಪಡಿಸುವುದಕ್ಕೇ ಬಿಟ್ಟೆವು. ಒಂದೇ ಹಾಳೆ, ಒಂದೇ ಗುರುತು, ಎಲ್ಲರೂ ಸಾಲಾಗಿ. ಬೇಜಾರಿನ ಕೆಲಸ. ಆದರೆ "ನಮ್ಮ ರೋಬೋಟ್ ಕೆಟ್ಟಿತ್ತು" ಅನ್ನುವ ದೂರು ಅಲ್ಲಿಗೆ ತುಂಬಾ ಕಡಿಮೆಯಾಯಿತು.

ಫರ್ಮ್‌ವೇರ್, ಅಂದರೆ ರೋಬೋಟಿನೊಳಗೆ ಬರುವ ಮೂಲ ಸಾಫ್ಟ್‌ವೇರ್ ವಿಷಯಕ್ಕೆ ಮಾತ್ರ ಪೆಟ್ಟು ತಿಂದೇ ಕಲಿತೆವು. ಒಂದು ತಂಡ ರಾತ್ರೋರಾತ್ರಿ ಅಪ್‌ಡೇಟ್ ಹಾಕಿತು. ಬೆಳಿಗ್ಗೆ ಅವರ ಗೋಲ್‌ಕೀಪರ್ ನಿಂತಲ್ಲೇ ನಡುಗುತ್ತಿದ್ದ. ಈಗ ಪಂದ್ಯಕ್ಕೆ ನಾಲ್ಕು ವಾರ ಮುಂಚೆ ಎಲ್ಲರದೂ ಒಂದೇ ಆವೃತ್ತಿ, ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ.

ಗೇಮ್ ಕಂಟ್ರೋಲರ್ ವಿಷಯದಲ್ಲಿ ಮಾತ್ರ ಹೆಚ್ಚು ಚರ್ಚೆಯಾಗಲಿಲ್ಲ. ಅದು ಪಂದ್ಯ ನಡೆಸುವ ಕಂಪ್ಯೂಟರ್ ಪ್ರೋಗ್ರಾಂ. ರೆಫರಿಯ ತೀರ್ಮಾನ ಅದರಿಂದ ವೈಫೈ ಮೂಲಕ ಎಲ್ಲ ರೋಬೋಟಿಗೂ ಹೋಗುತ್ತದೆ: ಸಿದ್ಧರಾಗಿ, ನಿಲ್ಲಿ, ಆಡಿ, ಶಿಕ್ಷೆ. ಅದರ ಭಾಷೆ ಅರ್ಥವಾದರೆ ಆಯಿತು, ಮೈ ಯಾವುದಾದರೇನು ಅಲ್ವಾ?

ಕೆಟ್ಟಾಗ ಬದಲಿಗೆ ಕೊಡುವ ಬಿಡಿ ರೋಬೋಟ್ ಹಂಚುವುದರಲ್ಲಿ ನಿಜವಾಗಿ ಒದ್ದಾಡಿದೆ. ಎಲ್ಲರಿಗೂ ಸೇರಿ ಎರಡು ಬಿಡಿ ಇಟ್ಟಿದ್ದೆವು. ಎರವಲು ಪಡೆದವರ ಕೈಯಲ್ಲಿ ಕತ್ತು ಮುರಿದರೆ ದುಡ್ಡು ಯಾರದು? ಮೂರು ಸಭೆ ಇದಕ್ಕೇ ಹೋಯಿತು. ಕೊನೆಗೆ ಪ್ರತಿ ತಂಡವೂ ಮೊದಲೇ ರಿಪೇರಿ ನಿಧಿಗೆ ದುಡ್ಡು ಹಾಕಿತು. ಯಾರ ಕೈಯಲ್ಲಿ ಮುರಿದರೂ ಖರ್ಚು ಅದರಿಂದಲೇ.

ಆಗ ಕಟ್ಟುವವರ ಗುಂಪೇ ಒಂದು ಉಪಕಾರ ಮಾಡಿತು. ಬಿದ್ದಾಗ ಕತ್ತು ಉಳಿಯುವ ಹಾಗೆ ಒಂದು ಸಣ್ಣ ಕತ್ತುಪಟ್ಟಿಯನ್ನು 3ಡಿ ಪ್ರಿಂಟರ್‌ನಲ್ಲಿ ಮಾಡಿ ಎಲ್ಲರಿಗೂ ಕೊಟ್ಟರು. ಈಗ ಅದು ಎಲ್ಲ ರೋಬೋಟಿನ ಮೇಲೂ ಇದೆ. ಆ ಪಟ್ಟಿ ಹಾಕಿದ ಮೇಲೂ ಅದು ಸ್ಟ್ಯಾಂಡರ್ಡ್ ರೋಬೋಟೇನಾ ಅನ್ನೋದು ಮುಂದಿನ ಸಭೆಯ ಜಗಳ.